ಅತ್ತೆಯ ಅಂಗಳಕ್ಕೆ ದಂಡೆತ್ತಿ ಹೋದವನು

ಅತ್ತೆ ಮನೆಗೆ ಹೋಗುವ ಅಳಿಯಂದಿರು ಕೈಯಲ್ಲಿ ಹಣ್ಣಿನ ಚೀಲ ಹಿಡಿದುಕೊಂಡು ಹೋಗುತ್ತಾರೆ. ನಮ್ಮ ಹೆಬ್ಬಾಗಿಲಯ್ಯ ಹೋದದ್ದು ಹನ್ನೊಂದು ಟ್ಯಾಂಕು ಮತ್ತು ಇನ್ನೂರು ಸೈನಿಕರನ್ನು ಕಟ್ಟಿಕೊಂಡು. ಅದೂ ಒಂದು ಸಲವಲ್ಲ, ವರ್ಷಕ್ಕೊಂದು ಸಲ. ಶತ್ರುವಿನ ದಡಕ್ಕೆ ನುಗ್ಗಲೆಂದು ಕಟ್ಟಿದ ಅವನ ಯುದ್ಧನೌಕೆ ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಶತ್ರುವಿನ ಮುಖ ನೋಡಲಿಲ್ಲ. ಅವನ ಅತ್ತೆಯ ಮುಖವನ್ನು ಮಾತ್ರ ಚೆನ್ನಾಗಿ ನೋಡಿತು.

ಆ ಹಡಗಿನ ಗುಣ ಸ್ವಲ್ಪ ಹೇಳಬೇಕು. ಲೋಕದ ಉಳಿದೆಲ್ಲ ಹಡಗುಗಳು ತಳ ನೆಲಕ್ಕೆ ತಾಗದಿರಲಿ ಎಂದು ಜೀವ ಕೈಯಲ್ಲಿ ಹಿಡಿದು ಓಡಾಡುತ್ತವೆ. ಇದು ಬೇಕೆಂದೇ ದಡಕ್ಕೆ ಮೂತಿ ಗುದ್ದುವ ಜಾತಿ. ತಳ ಚಪ್ಪಟೆ, ಹೊಟ್ಟೆ ಪೊಳ್ಳು, ಸ್ವಲ್ಪ ಅಲೆ ಎದ್ದರೆ ಸಾಕು, ಕುಡುಕನ ಹಾಗೆ ತೂರಾಡುತ್ತದೆ. ದಡ ಹತ್ತಿರ ಬರುತ್ತಲೇ ಹಿಂಬದಿಯಿಂದ ಒಂದು ಲಂಗರು ಇಳಿಬಿಟ್ಟುಕೊಳ್ಳುತ್ತದೆ, ಮರಳುವಾಗ ಅದನ್ನೇ ಹಿಡಿದು ತನ್ನನ್ನು ತಾನು ಹಿಂದಕ್ಕೆ ಎಳೆದುಕೊಳ್ಳಬೇಕಲ್ಲ. ಆಮೇಲೆ ಸೀದಾ ಮರಳಿಗೆ ನುಗ್ಗಿ ನಿಲ್ಲುತ್ತದೆ. ಮೂತಿಯ ಎರಡು ಕದಗಳು ಎಡಕ್ಕೊಂದು ಬಲಕ್ಕೊಂದು ತೆರೆಯುತ್ತವೆ, ಒಳಗಿಂದ ಉಕ್ಕಿನ ಇಳಿಹಲಗೆ ನಾಲಿಗೆಯಂತೆ ಚಾಚುತ್ತದೆ, ಹೊಟ್ಟೆಯೊಳಗಿನ ದಂಡು ಗರ್ಜಿಸುತ್ತಾ ಹೊರಬೀಳುತ್ತದೆ.

ಆ ಕದ ತೆರೆಯುವುದು, ಹಲಗೆ ಇಳಿಸುವುದು ಹೆಬ್ಬಾಗಿಲಯ್ಯನ ಕೆಲಸ. ನೌಕಾಪಡೆಯ ಕಡತದಲ್ಲಿ ಅವನಿಗೊಂದು ಹೆಸರೂ ಒಂದು ನಂಬರೂ ಇದ್ದವು. ಓಣಿಯಲ್ಲಿ ಅವು ಯಾರಿಗೂ ಬೇಕಾಗಲಿಲ್ಲ.

ನೌಕರರ ವಸತಿಯ ಎರಡನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಆ ಮನೆಯಲ್ಲಿ ಯಾವ ಬಾಗಿಲೂ ಕಿರ್ರೆನ್ನುವಂತಿರಲಿಲ್ಲ. ಪ್ರತಿ ಭಾನುವಾರ ಬಚ್ಚಲಿನ ಕದದಿಂದ ಹಿಡಿದು ಬೀರುವಿನ ಕದದವರೆಗೆ ಎಲ್ಲದರ ಕೀಲಿಗೂ ಗ್ರೀಸು. ಹೊಸ ಸೀರೆ ತೆಗೆದರೆ ಗ್ರೀಸಿನ ವಾಸನೆ. ಹೊರಗೆ ಯಾರಾದರೂ ಗಂಟೆ ಒತ್ತಿದರೆ ಮೊದಲು ಸರಪಳಿ, ಆಮೇಲೆ ಮೇಲಿನ ಚಿಲಕ, ಆಮೇಲೆ ಕೆಳಗಿನ ಚಿಲಕ. ಈ ಕ್ರಮ ತಪ್ಪಿದರೆ ಮತ್ತೆ ಎಲ್ಲ ಹಾಕಿ ಮೊದಲಿಂದ ತೆಗೆಯುತ್ತಿದ್ದ.

“ರೀ, ಬಂದಿರೋದು ಹಾಲಿನವನು,” ಎಂದು ಹೆಂಡತಿ ಒಳಗಿಂದ ಕೂಗುತ್ತಿದ್ದಳು. “ಟ್ಯಾಂಕು ಇಳಿಸೋದೇನೂ ಇಲ್ಲ, ಬೇಗ ತೆಗೀರಿ.”

ಹೆಂಡತಿಯ ತವರು ಅರ್ಧ ದಿನದ ದಾರಿ, ಕಡಲ ದಡದ ಒಂದು ಸಣ್ಣ ಊರು. ಅಪ್ಪ ತೀರಿಕೊಂಡ ಮೇಲೆ ಅವನ ದೋಣಿ ರಿಪೇರಿ ಶೆಡ್ಡನ್ನು ಅಮ್ಮನೇ ನಡೆಸುತ್ತಿದ್ದಳು. ತಗಡಿನ ಸೂರು, ಮೂರು ಕಡೆ ಹಲಗೆ ಗೋಡೆ, ಸಮುದ್ರದ ಕಡೆ ಬಟಾಬಯಲು. ಹಲಗೆ ಹಲಗೆಯ ಸಂದಿಗೆ ಹತ್ತಿಯ ಹುರಿ ತುರುಕಿ, ಉಳಿಯಿಂದ ಬಡಿದು, ಮೇಲೆ ಕುದಿಯುವ ರಾಳ ಬಳಿಯುವ ಕೆಲಸ. ಮುದುಕಿ ದೋಣಿಯ ಹೊಟ್ಟೆಗೆ ಕಿವಿಗೊಟ್ಟು ಬೆರಳಲ್ಲಿ ತಟ್ಟಿ ನೋಡಿದರೆ ನೀರು ಎಲ್ಲಿ ಸೋರುತ್ತದೆ ಎಂದು ಹೇಳಿಬಿಡುತ್ತಿದ್ದಳು. ಸುತ್ತಲಿನ ಹತ್ತು ಊರಿನ ದೋಣಿಗಳು ಅಲ್ಲಿಗೇ ಬರುತ್ತಿದ್ದವು. ಅವಳ ಕೈಗುಣ ಒಂದು ಕಾರಣವಾದರೆ ಇನ್ನೊಂದು ಕಾರಣ ಆ ಮರಳು. ಎಷ್ಟು ಭಾರದ ದೋಣಿ ಎಳೆದರೂ ಗಾಲಿ ಹೂತುಕೊಳ್ಳದಂಥ ಬಿಗಿ ಮರಳು, ಅಂಗೈಯಲ್ಲಿ ಸವರಿದಂತೆ ನಯವಾದ ಇಳಿಜಾರು. ಐವತ್ತು ಹೆಜ್ಜೆ ನೀರಿಗಿಳಿದರೂ ಮೊಣಕಾಲು ನೆನೆಯುವುದಷ್ಟೇ.

ಈಗ ನಮ್ಮ ವೀರ ಬಾಯಿಬಿಟ್ಟ ಕಥೆಗೆ ಬರೋಣ.

ಒಂದು ವರ್ಷ ಕವಾಯತಿಗೆ ಆರಿಸಿದ ದಡ ಕೈಕೊಟ್ಟಿತು. ಹಲಗೆಯಿಂದ ಇಳಿದ ಮೊದಲ ಟ್ಯಾಂಕು ಹತ್ತು ಮಾರು ಹೋಗಿ, ಕೆಸರಿನಲ್ಲಿ ಕೂತ ಎಮ್ಮೆಯ ಹಾಗೆ ಹೊಟ್ಟೆಮಟ್ಟ ಹೂತುಕೊಂಡಿತು. ಅದನ್ನು ಎಳೆಯಲು ಹೋದ ಎರಡನೆಯದೂ ಹೂತಿತು. ಮಾರನೇ ದಿನ ಅಧಿಕಾರಿಗಳು ತಮ್ಮ ಊಟದ ಕೋಣೆಯಲ್ಲಿ ನಕಾಶೆ ಹರಡಿಕೊಂಡು ಸತ್ತ ಮನೆಯವರಂತೆ ಕೂತಿದ್ದರು. ಅದೇ ಹೊತ್ತಿಗೆ ಹೆಬ್ಬಾಗಿಲಯ್ಯ ಅಲ್ಲಿನ ಕಪಾಟಿನ ಕದ ಸರಿಮಾಡಲು ಬಂದಿದ್ದ. ಮಂಡಿಯೂರಿ ತಿರುಪು ಬಿಗಿಯುತ್ತಿದ್ದವನಿಗೆ ತಡೆಯಲಾಗಲಿಲ್ಲ.

“ಸಾರ್, ಮರಳು ಅಂದ್ರೆ ನಮ್ಮತ್ತೆ ಮನೆ ಮುಂದಿನ ಮರಳು ಸಾರ್. ಎಂಟು ಜನ ಸೇರಿ ದೊಡ್ಡ ದೋಣಿ ಎಳೀತಾರೆ, ಒಂದಿಂಚು ಇಳಿಯಲ್ಲ. ನಿಮ್ಮ ಟ್ಯಾಂಕು ಅಲ್ಲಿ ಕುಣಿದುಕೊಂಡು ಹೋಗುತ್ತೆ.”

ಕ್ಯಾಪ್ಟನ್ ತಲೆ ಎತ್ತಿದರು. “ಎಲ್ಲಯ್ಯಾ ಅದು?”

ಹೆಬ್ಬಾಗಿಲಯ್ಯ ಎದ್ದು ಬಂದು, ಗ್ರೀಸು ಹತ್ತಿದ ತೋರುಬೆರಳನ್ನು ನಕಾಶೆಯ ಮೇಲೆ ಊರಿದ. ಅತ್ತೆಯ ಊರು ಆ ಕಪ್ಪು ಚುಕ್ಕೆಯ ಕೆಳಗೆ ಮುಚ್ಚಿಹೋಯಿತು. ಯುದ್ಧಗಳ ಚರಿತ್ರೆಯಲ್ಲಿ ಎಷ್ಟೋ ಊರುಗಳನ್ನು ದುರಾಸೆಗಾಗಿ ಶತ್ರುವಿಗೆ ಒಪ್ಪಿಸಿದ್ದಾರೆ, ಹಗೆಗಾಗಿ ಒಪ್ಪಿಸಿದ್ದಾರೆ. ಅತ್ತೆ ಮನೆಯ ಮೇಲಿನ ಹೆಮ್ಮೆಗಾಗಿ ಒಪ್ಪಿಸಿದವನು ಇವನೊಬ್ಬನೇ ಇರಬೇಕು.

ಆರು ತಿಂಗಳಿಗೆ ಮೊದಲ ದಾಳಿ. ಹಡಗು ಮರಳಿಗೆ ನುಗ್ಗಿತು, ಕದ ತೆರೆಯಿತು, ಹಲಗೆ ಇಳಿಯಿತು. ಎದುರಿಗೆ ಅತ್ತೆ, ಕೈಯಲ್ಲಿ ರಾಳದ ಕುಂಚ.

“ಅಯ್ಯೋ, ಅಳಿಯಂದ್ರೇ!” ಎಂದಳು. “ಬರೋದು ಬಂದ್ರಿ, ಒಂದು ಮಾತು ಹೇಳಿ ಕಳಿಸ್ಬಾರ್ದಾ? ಇಷ್ಟು ಜನಕ್ಕೆ ನಾನೆಲ್ಲಿಂದ ತಟ್ಟೆ ತರ್ಲಿ?”

ಮುಖಕ್ಕೆ ಮಸಿ ಬಳಿದುಕೊಂಡು ಬಂದೂಕು ಹಿಡಿದು ಓಡುತ್ತಿದ್ದ ಸೈನಿಕರು ನಗು ತಡೆಯಲಾರದೆ ಮರಳಲ್ಲಿ ಬಿದ್ದರು. ಟ್ಯಾಂಕುಗಳು ನಿಜಕ್ಕೂ ಕುಣಿದುಕೊಂಡೇ ಹೋದವು. ಹೆಬ್ಬಾಗಿಲಯ್ಯನಿಗೆ ಪ್ರಶಂಸಾಪತ್ರ ಬಂತು, ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ.

ಎರಡನೇ ವರ್ಷ ಟ್ಯಾಂಕಿನ ಉಕ್ಕಿನ ಗಾಲಿಪಟ್ಟಿಗೆ ಸಿಕ್ಕಿ ದೋಣಿ ಎಳೆಯುವ ಗಾಲಿಗಾಡಿಯೊಂದು ಪುಡಿಯಾಯಿತು. ನಾಲ್ಕನೇ ವರ್ಷ ಮರಳಿನ ಮೇಲಿನ ಬಿಗಿ ಪದರ ಒಡೆದು ಅಲ್ಲಲ್ಲಿ ಗುಂಡಿ ಬಿತ್ತು. ಆರನೇ ವರ್ಷ, ಇಲ್ಲಿಂದಾಚೆ ಯಾರೂ ಬರಬಾರದೆಂದು ಕೆಂಪು ಬಾವುಟದ ಕಂಬಗಳು ಬಂದವು. ಎಂಟನೆಯದಕ್ಕೆ ನೋಟೀಸು. ದಡವನ್ನು ಕಾಯಂ ಕವಾಯತು ಮೈದಾನ ಮಾಡುತ್ತಾರಂತೆ, ಶೆಡ್ಡು ತೆಗೆಯಬೇಕಂತೆ. ಅಳತೆಗೆ ಬಂದ ಅಧಿಕಾರಿ ಬಹಳ ಮರ್ಯಾದಸ್ಥ. ಮುದುಕಿಗೆ ಸಂತೋಷವಾಗಲಿ ಎಂದು, “ಈ ಜಾಗ ತೋರಿಸಿದ್ದೇ ನಿಮ್ಮ ಅಳಿಯಂದ್ರು ಅಮ್ಮ, ನಮ್ಮಲ್ಲೆಲ್ಲ ಅವರ ಹೆಸರು ಹೇಳ್ತೀವಿ,” ಎಂದು ತಿಳಿಸಿ ಹೋದ.

ಆ ವಾರ ಎರಡನೇ ಮಹಡಿಯ ಮನೆಯಲ್ಲಿ ಗೋಡೆಯ ಮೇಲಿನ ಪ್ರಶಂಸಾಪತ್ರ ಮುಖ ಗೋಡೆಗೆ ಮಾಡಿ ನಿಂತಿತು. ತಿರುಗಿಸಿದ್ದು ಯಾರು ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ಹೆಂಡತಿ ಮಾತು ಬಿಟ್ಟಿದ್ದರೆ ಚೆನ್ನಾಗಿತ್ತು. ಅವಳು ಬಿಡಲಿಲ್ಲ.

“ಊರಲ್ಲಿ ಎಲ್ಲರ ಗಂಡಂದಿರೂ ಅತ್ತೆ ಮನೇನ ಬೈತಾರೆ. ನೀವೂ ಬೈದಿದ್ರೆ ನಮ್ಮಮ್ಮ ಸುಖವಾಗಿರ್ತಿದ್ದಳು.”

ಅತ್ತೆ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಆದದ್ದಾಯ್ತು ಅಳಿಯಂದ್ರೇ. ಹೊಗಳಿದೋರು ನೀವೇ, ಹೋಗಿ ನೀವೇ ತೆಗಳಿ ಬನ್ನಿ. ನನಗೆ ಈ ಶೆಡ್ಡು ಬಿಟ್ಟು ಬೇರೆ ಕೆಲಸ ಬರಲ್ಲ.”

ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕ್ಯಾಪ್ಟನ್ ಕೋಣೆಗೆ ಹೋದ.

“ಸಾರ್, ಆ ಮರಳು ಸರಿಯಿಲ್ಲ ಸಾರ್. ನಂಬೋ ಹಾಗಿಲ್ಲ. ಒಳಗೊಳಗೇ ಪೊಳ್ಳು.”

ಕ್ಯಾಪ್ಟನ್ ಕನ್ನಡಕ ತೆಗೆದು ನೋಡಿದರು. “ಎಂಟು ವರ್ಷ ಟ್ಯಾಂಕು ಓಡಿದೆಯಲ್ಲಯ್ಯಾ?”

“ಅಲೆ ಜೋರು ಸಾರ್. ಗಾಳಿ ಕೆಟ್ಟದ್ದು. ಅಲ್ಲಿನ ಜನಾನೂ ಅಷ್ಟಕ್ಕಷ್ಟೇ ಸಾರ್, ನಮ್ಮತ್ತೆಯಂತೂ...”

“ನಿಮ್ಮತ್ತೆ ಏನು?”

ಅಲ್ಲಿಗೆ ಸುಳ್ಳು ಮುಗಿಯಿತು. “ನಮ್ಮತ್ತೆ ಶೆಡ್ಡು ಹೋಗುತ್ತೆ ಸಾರ್,” ಎಂದ.

“ನನ್ನ ಕೈಯಲ್ಲಿ ಏನೂ ಇಲ್ಲಪ್ಪ,” ಎಂದರು ಕ್ಯಾಪ್ಟನ್. ಬೈದು ಕಳಿಸಲಿಲ್ಲ. ಟೀ ಬೇಕಾ ಎಂದೂ ಕೇಳಿದರು.

ಒಂಬತ್ತನೇ ವರ್ಷದ ಕವಾಯತು ಹಿಂದೆಂದೂ ಇಲ್ಲದಷ್ಟು ದೊಡ್ಡದು. ನೋಡಲು ದೊಡ್ಡ ದೊಡ್ಡ ಮಂದಿ ಬರುವವರಿದ್ದರು. ಹತ್ತು ದಿನ ಮುಂಚೆ ಹಡಗು ಬಂದರು ಬಿಟ್ಟಿತು, ಎಲ್ಲರ ಫೋನುಗಳನ್ನೂ ಒಂದು ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. ಕ್ಯಾಪ್ಟನ್ ದಡ ನೋಡಲೆಂದು ಸಣ್ಣ ದೋಣಿಯಲ್ಲಿ ಇಳಿದು ಹೋದರು. ಅಲ್ಲಿ ಅತ್ತೆ ಅವರನ್ನು ಅಡ್ಡಗಟ್ಟಿ ಶೆಡ್ಡಿನೊಳಗೆ ಕರೆದೊಯ್ದು, ರಿಪೇರಿಗೆ ನಿಂತ ನಾಲ್ಕು ದೋಣಿ ತೋರಿಸಿದಳು. ಬೈದಳೋ ಅತ್ತಳೋ ಗೊತ್ತಿಲ್ಲ. ಕ್ಯಾಪ್ಟನ್ನೂ ಹಡಗಿನವರೇ ತಾನೆ, ದೋಣಿಯ ಹೊಟ್ಟೆ ತಟ್ಟಿ ನೋಡುವವಳನ್ನು ಕಂಡು ಮನಸ್ಸು ಕರಗಿತು.

“ನೋಡಿ ಅಮ್ಮ,” ಎಂದರು. “ಟ್ಯಾಂಕುಗಳನ್ನ ಶೆಡ್ಡಿಗೆ ತಾಗದ ಹಾಗೆ ಸುತ್ತು ಬಳಸ್ಕೊಂಡು ಕಳಿಸ್ತೀನಿ. ಎಲ್ಲಾ ಹೇಳಿದ ಟೈಮಿಗೆ ಸರಿಯಾಗಿ ಮುಗಿದ್ರೆ, ಈ ಶೆಡ್ಡು ನಮಗೆ ಅಡ್ಡಿ ಅಲ್ಲ ಅಂತ ನಾನೇ ಬರ್ದು ಕೊಡ್ತೀನಿ. ತಡ ಮಾತ್ರ ಆಗ್ಬಾರ್ದು.”

ಅತ್ತೆ ಮಗಳಿಗೆ ಫೋನು ಮಾಡಿದಳು. ಮಗಳು ಗಂಡನಿಗೆ ಮಾಡಿದಳು. ಫೋನು ಪೆಟ್ಟಿಗೆಯಲ್ಲಿ ಮಲಗಿತ್ತು. ಇಂಥ ಒಪ್ಪಂದವನ್ನು ಕದ ತೆರೆಯುವವನಿಗೂ ತಿಳಿಸಬೇಕೆಂದು ಕ್ಯಾಪ್ಟನ್ನರಿಗೆ ಹೊಳೆಯಲಿಲ್ಲ. ಕದ ತೆರೆಯುವವನು ಕದ ತೆರೆಯುತ್ತಾನೆ, ಅವನಿಗೇನು ತಿಳಿಸುವುದು?

ಆ ದಿನ ಬೆಳಿಗ್ಗೆ ಹತ್ತಕ್ಕೆ ಹಡಗು ಮರಳಿಗೆ ಮೂತಿ ಗುದ್ದಿತು. ಹೆಬ್ಬಾಗಿಲಯ್ಯ ಕದದ ಪಕ್ಕದ ಅಂಗೈಯಗಲದ ಗಾಜಿನ ಕಿಂಡಿಯಲ್ಲಿ ಇಣುಕಿದ. ಬಲಗಡೆ ಬಿಳಿ ಪೆಂಡಾಲು, ಕುರ್ಚಿ, ದುರ್ಬೀನು. ಎದುರಿಗೆ ಶೆಡ್ಡು. ಶೆಡ್ಡಿನ ಮುಂದೆ ಅತ್ತೆ, ಪಕ್ಕದಲ್ಲಿ ಅವನ ಹೆಂಡತಿ, ಹಿಂದೆ ಊರಿನ ಹೆಂಗಸರು. ಅತ್ತೆ ಒಂದು ಬಟ್ಟೆ ಹಿಡಿದು ತಲೆಯ ಮೇಲೆ ಬೀಸುತ್ತಿದ್ದಳು. ಹೆಂಡತಿ ಎರಡೂ ಕೈ ಎತ್ತಿ ಬೀಸುತ್ತಿದ್ದಳು.

ಅವರು ಬೀಸಿದ್ದು ಬೇಗ ಬನ್ನಿ ಎಂದು. ಅವನು ತಿಳಿದದ್ದು ಬರಬೇಡಿ ಎಂದು.

“ಕದ ತೆರೀರಿ!” ಎಂದು ಮೇಲಿಂದ ಆಜ್ಞೆ ಬಂತು.

ಆಗ ನಮ್ಮ ವೀರ ತನ್ನ ಜನ್ಮದ ಏಕೈಕ ದಂಗೆ ಎದ್ದ. ಎಂದೂ ಮುಟ್ಟಬಾರದೆಂದು ತಾನೇ ಹೊಸಬರಿಗೆ ಪಾಠ ಹೇಳುತ್ತಿದ್ದ, ಕದ ತಳ್ಳುವ ಎಣ್ಣೆ ಹರಿಸುವ ಒಂದು ಕವಾಟವನ್ನು, ಅಂದರೆ ವಾಲ್ವನ್ನು, ಎರಡು ಸುತ್ತು ತಿರುಗಿಸಿ ಮುಚ್ಚಿದ. ಆಮೇಲೆ ಹಿಡಿಕೆ ಎಳೆದ. ಕದ ಅಲುಗಲಿಲ್ಲ. “ಸಾರ್, ಒತ್ತಡ ಬರ್ತಿಲ್ಲ ಸಾರ್,” ಎಂದ. ಎದೆಯ ತುಂಬ ಹೆಮ್ಮೆ ಇತ್ತು. ಮೊದಲನೆಯ ಸಲ ಬಾಯಿಬಿಟ್ಟಾಗ ಇದ್ದಂಥದ್ದೇ ಹೆಮ್ಮೆ.

ಯಂತ್ರದ ಅಧಿಕಾರಿ ಓಡಿ ಬಂದ. ಕೊಳವೆ ಬಡಿದ, ಪಂಪು ನೋಡಿದ, ಕೆಳಗಿಳಿದ, ಮೇಲೆ ಹತ್ತಿದ. ಹೊಟ್ಟೆಯೊಳಗೆ ಎಂಜಿನ್ ಚಾಲೂ ಇಟ್ಟ ಟ್ಯಾಂಕುಗಳ ಹೊಗೆಗೆ ಸೈನಿಕರು ಕೆಮ್ಮತೊಡಗಿದರು. ಕಿಂಡಿಯಾಚೆ ಬೀಸುತ್ತಿದ್ದ ಕೈಗಳು ಇನ್ನೂ ಜೋರಾದವು. ಸ್ವಲ್ಪ ತಾಳಿ ಅತ್ತೆ, ನಾನಿದ್ದೇನೆ, ಎಂದುಕೊಂಡ ಹೆಬ್ಬಾಗಿಲಯ್ಯ.

ನಲವತ್ತು ನಿಮಿಷಕ್ಕೆ ಕವಾಟ ಸಿಕ್ಕಿತು. ಯಂತ್ರದ ಅಧಿಕಾರಿ ಅದನ್ನೂ ನೋಡಿದ, ಇವನ ಮುಖವನ್ನೂ ನೋಡಿದ. ಬೇಕೆಂದೇ ಮುಚ್ಚಿದ್ದು ಎಂದು ಬರೆದರೆ ಮೊದಲು ಹೋಗುವುದು ತನ್ನ ತಲೆ ಎಂದು ಅವನಿಗೆ ಗೊತ್ತಿತ್ತು. ಕೊಳವೆಯ ರಬ್ಬರು ಸೀಲು ಸವೆದಿತ್ತು ಎಂದು ಬರೆದುಕೊಂಡ.

ಅಷ್ಟರಲ್ಲಿ ಪೆಂಡಾಲಿನಲ್ಲಿ ಬಿಸಿಲಿಗೆ ಬೆಂದ ದೊಡ್ಡ ಮಂದಿ, ತಡ ಯಾಕೆ ಎಂದು ಕೇಳಿದ್ದರು. ಹಡಗಿನ ಬಾಯಿ ಕಚ್ಚಿಕೊಂಡಿದೆ ಎಂದು ಅತಿಥಿಗಳ ಮುಂದೆ ಹೇಳುವುದುಂಟೆ? ದಡದ ಮೇಲಿದ್ದ ಅಧಿಕಾರಿಯೊಬ್ಬ ಸುತ್ತ ನೋಡಿ, ಕಣ್ಣಿಗೆ ಬಿದ್ದ ಶೆಡ್ಡಿನ ಕಡೆ ಕೈ ತೋರಿಸಿ, “ಅಡ್ಡಿ ಇದೆ ಸಾರ್, ಅದಕ್ಕೇ,” ಎಂದ. ಹಾಗಾದರೆ ತೆಗೆಸಿ ಎಂದರು ದೊಡ್ಡವರು. ಹಡಗಿಗೆ ಸುದ್ದಿ ಹೋಯಿತು. ತಮ್ಮ ಹಡಗಿನ ಕದ ಕೆಟ್ಟದ್ದನ್ನು ಮುಚ್ಚಲು ಬೇರೆ ಕಾರಣ ಸಿಕ್ಕಿದ ಮೇಲೆ ಕ್ಯಾಪ್ಟನ್ನರೂ ಎದುರಾಡಲಿಲ್ಲ. ಬರೆದುಕೊಡುವ ಮಾತು ಟೈಮಿಗೆ ಸರಿಯಾಗಿ ಮುಗಿದರೆ ಎಂದಿತ್ತಲ್ಲ.

ಇಂಥ ಹಡಗಿನಿಂದ ಟ್ಯಾಂಕಿಗಿಂತ ಮೊದಲು ಇಳಿಯುವುದು ಒಂದು ಬುಲ್ಡೋಜರು, ದಾರಿ ಸಮ ಮಾಡಲು. ಹೆಬ್ಬಾಗಿಲಯ್ಯ ಕದ ತೆರೆದ, ಹಲಗೆ ಇಳಿಸಿದ. ಬುಲ್ಡೋಜರು ಅವನ ಪಕ್ಕದಲ್ಲೇ ಹಾದು, ಹಲಗೆ ಇಳಿದು, ಬಳಸಿಕೊಂಡು ಹೋಗದೆ ನೇರ ಹೋಯಿತು. ಹೆಂಗಸರನ್ನು ಪೊಲೀಸರು ಪಕ್ಕಕ್ಕೆ ಎಳೆದರು. ತಗಡು ಬೀಳುವ ಸದ್ದಿಗೆ ಪೆಂಡಾಲಿನವರು ಕಿವಿ ಮುಚ್ಚಿಕೊಂಡರು. ಆಮೇಲೆ ಟ್ಯಾಂಕುಗಳು ಇಳಿದಾಗ ಚಪ್ಪಾಳೆ ಹೊಡೆದರು.

ಅತ್ತೆ ಈಗ ಎರಡನೇ ಮಹಡಿಯ ಮನೆಯ ಮುಂದಿನ ಕೋಣೆಯಲ್ಲಿ ಇರುತ್ತಾಳೆ. ಅವಳಿಗೂ ಹೆಂಡತಿಗೂ ಹಡಗಿನ ಸೀಲು ಸವೆದಿತ್ತೆಂದೇ ಗೊತ್ತಿದ್ದದ್ದು. ಅಲ್ಲಿಗೆ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಜೀವಮಾನದಲ್ಲಿ ಮಾಡಿದ ಒಂದೇ ಒಂದು ಸಾಹಸವನ್ನು ಯಾರಿಗೂ ಹೇಳದೆ ಇಟ್ಟುಕೊಳ್ಳುವುದು ಯಾವ ಗಂಡಸಿಗೆ ಸಾಧ್ಯ? ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹೇಳಿಬಿಟ್ಟ. ಕವಾಟ, ಎರಡು ಸುತ್ತು, ನಲವತ್ತು ನಿಮಿಷ, ಎಲ್ಲ.

ಹೆಂಡತಿ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಎದ್ದು ಅಡುಗೆಮನೆಗೆ ಹೋದಳು. ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ, ಬಹಳ ಹೊತ್ತು ಅಳಿಯನ ಮುಖ ನೋಡಿದಳು, ದೋಣಿಯಲ್ಲಿ ನೀರು ಸೋರುವ ಸಂದಿ ಹುಡುಕುವವಳ ಹಾಗೆ.

“ಒಂದ್ಸಲ ಹೊಗಳಿ ಕೆಡಿಸಿದ್ರಿ,” ಎಂದಳು. “ಇನ್ನೊಂದ್ಸಲ ಕಾಪಾಡೋಕೆ ಹೋಗಿ ಕೆಡಿಸಿದ್ರಿ. ನಿಮ್ಮ ಕಾಲಿಗೆ ಬೀಳ್ತೀನಿ ಅಳಿಯಂದ್ರೇ, ಇನ್ಮೇಲೆ ನನಗೋಸ್ಕರ ಏನೂ ಮಾಡ್ಬೇಡಿ.”

ಅವನು ಮಾಡಲಿಲ್ಲ. ನಿವೃತ್ತನಾಗುವ ಮುಂಚೆ ಹಡಗು ಇನ್ನೂ ಮೂರು ಸಲ ಆ ದಡಕ್ಕೆ ಹೋಯಿತು. ಎದುರಿಗೆ ಏನೂ ಇರಲಿಲ್ಲ, ಯಾರೂ ಇರಲಿಲ್ಲ. ಮೂರು ಸಲವೂ ಆಜ್ಞೆ ಬಂದ ಕ್ಷಣಕ್ಕೆ ಕದ ತೆರೆದ. ಒಂದು ನಿಮಿಷವೂ ತಡವಾಗಲಿಲ್ಲ.