ಸೇಸಮ್ಮನ ಏಳು ಪೆಟ್ಟಿಗೆ ಜೇನು

ಕೊಕ್ಕಡದ ಸೇಸಮ್ಮನ ಬಾಯಿಗೆ ಊರಿಗೆ ಊರೇ ಹೆದರುತ್ತಿತ್ತು. ಹೆದರದೆ ಇದ್ದದ್ದು ಅವಳ ಜೇನುನೊಣಗಳು ಮಾತ್ರ. ರಬ್ಬರ್ ಹಾಲು ತೆಗೆದು ಬದುಕುವ ಹೆಂಗಸು ಅಂಗಳದಂಚಿನಲ್ಲಿ ಏಳು ಪೆಟ್ಟಿಗೆ ಜೇನು ಸಾಕಿದ್ದಳು. ಒಂದು ಪೆಟ್ಟಿಗೆ ಸೊರಗಿದರೆ ಅದರ ಮರಿಗಳಿರುವ ಮೇಣದ ಎರಿಯನ್ನು ಎತ್ತಿ ಗಟ್ಟಿ ಪೆಟ್ಟಿಗೆಯೊಳಗೆ ಇಡುತ್ತಿದ್ದಳು. "ತಬ್ಬಲಿ ಮಕ್ಕಳನ್ನು ಯಾರಾದ್ರೂ ಸಾಕಬೇಕಲ್ಲ?" ಎನ್ನುತ್ತಿದ್ದಳು. ಕರುಳು ಒಳ್ಳೆಯದೇ, ಬುದ್ಧಿ ಮಾತ್ರ ಮೊಂಡು.

ಎರಡು ವರ್ಷದಲ್ಲಿ ಆರು ಪೆಟ್ಟಿಗೆ ಬರಿದಾದವು. ಬೇಲಿಯಾಚೆ ತೋಟದ ಗಜಾನನ ಗೇರುಹೂವಿಗೆ ಕೀಟದ ಮದ್ದು ಬಿಡುತ್ತಾನೆ. ಇನ್ನು ಬೇರೆ ಸಾಕ್ಷಿ ಏಕೆ? ಸೇಸಮ್ಮ ಬೇಲಿಗೆ ಬಂದು ಅವನ ಜನ್ಮ ಜಾಲಾಡಿದಳು.

"ನೀನು ಕೊಂದದ್ದಲ್ಲದಿದ್ರೆ ಸೋಮವಾರ ಧರ್ಮಸ್ಥಳಕ್ಕೆ ಬಾ. ದೇವರ ಎದುರು ಆಣೆ ಹಾಕು!"

ಈ ಸೀಮೆಯವರು ಕೋರ್ಟಿಗೆ ಹೆದರುವುದಿಲ್ಲ. ಆ ಆಣೆ ಎಂದರೆ ಬೆವರುತ್ತಾರೆ.

ಭಾನುವಾರ ಬೆಳಿಗ್ಗೆ ಜೇನು ಸೊಸೈಟಿಯ ಸಾತ್ವಿಕಾ ಬಂದು ಉಳಿದೊಂದು ಪೆಟ್ಟಿಗೆಯನ್ನು ತೆರೆದಳು. ಎರಿಯ ಕಣ್ಣುಗಳಲ್ಲಿ ಮರಿಗಳು ನೀರು ತುಂಬಿದ ಚೀಲದ ಹಾಗೆ ಸತ್ತಿದ್ದವು.

"ಸೇಸಕ್ಕ, ಮದ್ದಿಗೆ ಸತ್ತದ್ದಾದ್ರೆ ದೊಡ್ಡ ನೊಣಗಳು ಅಂಗಳದಲ್ಲಿ ಬಿದ್ದಿರ್ತಿದ್ದವು. ಇದು ಮರಿಗಳಿಗೆ ಬರುವ ರೋಗ. ನೀವು ಎರಿ ಎತ್ತಿ ಎತ್ತಿ ಇಟ್ಟಿರಲ್ಲ, ಹಾಗೆ ಏಳಕ್ಕೂ ಹಬ್ಬಿದ್ದು."

ಸೇಸಮ್ಮ ಅವಳನ್ನೂ ಬೈದು ಕಳಿಸಿದಳು. ಆದರೆ ಮಾತು ಎದೆಗೆ ನಾಟಿತ್ತು. ನನ್ನ ಕೈಯಿಂದಲೇ ಕೊಂದೆನಲ್ಲ ಎಂಬ ಸಂಕಟದಲ್ಲಿ ಮಧ್ಯಾಹ್ನದ ಗಂಜಿಯನ್ನು ಹಾಗೇ ಮುಚ್ಚಿಟ್ಟಳು.

ಸಂಜೆ ಗಜಾನನ ಬಂದು ಅಂಗಳದಲ್ಲೇ ನಿಂತ.

"ಹೂ ಅರಳಿದ ಹೊತ್ತಿನಲ್ಲಿ ಎರಡು ಸಲ ಮದ್ದು ಬಿಟ್ಟದ್ದು ಉಂಟು ಸೇಸಕ್ಕ. ಆಣೆ ಹಾಕ್ಲಿಕ್ಕೆ ನನ್ನಿಂದ ಆಗುದಿಲ್ಲ. ತಪ್ಪಾಯ್ತು. ಇನ್ನು ಮದ್ದು ಬಿಡುದಿಲ್ಲ."

ರೋಗದ ವಿಷಯ ಆಗಲೇ ಹೇಳಿಬಿಡಬಹುದಿತ್ತು. ಸೋಲಲು ಅವಳಿಗೆ ಮನಸ್ಸು ಬರಲಿಲ್ಲ. "ಒಪ್ಪಿದೆಯಲ್ಲ, ಸಾಕು" ಎಂದು ಬಾಗಿಲು ಹಾಕಿಕೊಂಡಳು.

ಮರುವರ್ಷ ಗಜಾನನ ಕೊಟ್ಟ ಮಾತಿಗೆ ತಪ್ಪಲಿಲ್ಲ. ಕೀಟ ಹತ್ತಿ ಗೇರಿನ ಚಿಗುರು, ಹೂವು ಎಲ್ಲ ಕರಟಿಹೋಯಿತು. ಅವನು ಮರದ ಬುಡದಲ್ಲಿ ತಲೆಗೆ ಕೈಹೊತ್ತು ಕುಳಿತಿದ್ದ. ಸೇಸಮ್ಮ ಬೇಲಿಯ ತನಕ ಬಂದಳು. ನಿಜ ಹೇಳಲೆಂದೇ ಬಂದಿದ್ದಳು. ಬಾಯಿ ತೆರೆದಾಗ ಬಂದದ್ದು ಬೇರೆ.

"ಮಾಡಿದ್ದುಣ್ಣೋ ಮಹರಾಯ!"

ಗಜಾನನ ತಲೆ ಎತ್ತಲಿಲ್ಲ. "ಹೌದು ಸೇಸಕ್ಕ" ಎಂದ.