ಕಂಪ್ಯೂಟರಿಗೆ ತುಂಬಿದ ಉಡಿ

ಲಿಂಬೆಹಣ್ಣು ಕಟ್ಟಿದ ಟ್ರ್ಯಾಕ್ಟರು ಕಂಡರೆ ನಗುತ್ತಿದ್ದವಳು ನಾನು. ದೃಷ್ಟಿ, ಶಕುನ, ಕೈಗುಣ ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದೆ. ಈಗ ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ನಾಲ್ಕು ವರ್ಷದ ಹಿಂದಿನ ಮಾತು. ಮಿಶ್ರಿಕೋಟಿಯ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಅರ್ಜಿ ತುಂಬುವ, ಟೈಪ್ ಮಾಡಿಕೊಡುವ ಸಣ್ಣ ಅಂಗಡಿ ತೆರೆಯಬೇಕೆಂದಿದ್ದೆ. ಭತ್ತದ ಚೀಲ ಇಡುತ್ತಿದ್ದ ಖೋಲಿ ಅದು. ಮನೆಯವರೆಲ್ಲ ನೋಡೋಣ, ಮಾಡೋಣ ಎಂದು ದಿನ ತಳ್ಳುತ್ತಿದ್ದಾಗ, ಚೀಲಗಳನ್ನು ತಾವೇ ಪಡಸಾಲೆಗೆ ಎಳೆದು ಹಾಕಿ ಖೋಲಿ ತೆರವು ಮಾಡಿಕೊಟ್ಟವರು ನನ್ನ ಅತ್ತೆ. ಮಾವ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಅಂದಿನಿಂದ ಅತ್ತೆ ಯಾವ ಶುಭಕಾರ್ಯದಲ್ಲೂ ಮುಂದೆ ಬರುತ್ತಿರಲಿಲ್ಲ. ಸೆರಗಿನ ಮಡಿಲಿಗೆ ಅಕ್ಕಿ, ಅಡಿಕೆ, ಅರಿಷಿಣ ಬೇರು ಹಾಕಿ ಓಣಿಯ ಎಷ್ಟೋ ಹೆಣ್ಣುಮಕ್ಕಳ ಉಡಿ ತುಂಬಿದವರು, ಉಡಿ ತುಂಬುವ ಹೊತ್ತಿಗೆ ಅಡುಗೆಮನೆಯಲ್ಲಿ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದರು. ಅವರಿಗೆ ಯಾರೂ ಬೇಡ ಅಂದಿರಲಿಲ್ಲ. ಬನ್ನಿ ಎಂದೂ ಯಾರೂ ಕರೆದಿರಲಿಲ್ಲ, ನಾನು ಕೂಡ.

ಹುಬ್ಬಳ್ಳಿಯಿಂದ ಬಿಡಿ ಭಾಗಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಕಂಪ್ಯೂಟರನ್ನು ನಾನೇ ಜೋಡಿಸಿದೆ. ಗುರುವಾರ ಮಧ್ಯಾಹ್ನ ಕೆಲಸ ಮುಗಿಯಿತು. ಮುಚ್ಚಳ ಹಾಕುವುದೊಂದು ಬಾಕಿ ಇಟ್ಟು ಊಟಕ್ಕೆ ಎದ್ದೆ. ಉಂಡು ಬಂದವಳು ಫೋನಿನಲ್ಲಿ ಗಂಡನ ಜೊತೆ ಮಾತಾಡುತ್ತಲೇ, ಒಳಗೆ ನೋಡದೆ ಮುಚ್ಚಳ ಬಿಗಿದು, ಪೆಟ್ಟಿಗೆ ಎತ್ತಿ ನಿಲ್ಲಿಸಿ ಗುಂಡಿ ಒತ್ತಿದೆ. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದೆ. ಮತ್ತೆ ಅರ್ಧ ಸುತ್ತು. ಮರುದಿನ ಅಂಗಡಿ ಪೂಜೆಗೆಂದು ಓಣಿಯವರನ್ನೆಲ್ಲ ಕರೆದಾಗಿತ್ತು.

ಬಿಚ್ಚಿ ನೋಡಿದರೆ ಒಳಗೆ ಅಕ್ಕಿಕಾಳು. ಒಂದು ಅಡಿಕೆ, ಒಂದು ಅರಿಷಿಣ ಬೇರು. ಒಂದು ರೂಪಾಯಿಯ ನಾಣ್ಯ ಬೋರ್ಡಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ತಲೆಯೆತ್ತಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಹೊಸಾದು ಮನಿಗೆ ಬಂದೈತಿ, ಬರೇ ಉಡೀಲೆ ಹೆಂಗ ಶುರು ಮಾಡೂದು ಅನಿಸ್ತು. ಯಾರೂ ಇರಲಿಲ್ಲ, ಅದಕ್ಕ ನಾನ ತುಂಬಿದೆ."

ನನಗೆ ನಗು ಬಂತು. ಲೋಹ ತಾಗಿದ್ದರಿಂದ ಹೀಗಾಗಿದೆ ಎಂದು ವಿವರಿಸಿ, ನಾಣ್ಯ ತೆಗೆದು, ಅಕ್ಕಿಕಾಳು ಒಂದೊಂದನ್ನೂ ಆರಿಸಿ ತಟ್ಟೆಗೆ ಹಾಕಿದೆ. ಈಗ ನೋಡ್ರಿ ಎಂದು ಗುಂಡಿ ಒತ್ತಿದೆ. ಅದೇ ಅರ್ಧ ಸುತ್ತು.

ಅತ್ತೆಯ ಮುಖ ಸಣ್ಣದಾಯಿತು. "ನನ್ನ ಕೈಲೆ ತುಂಬಿದ್ದಕ್ಕ ಹಿಂಗಾತೇನ ಯವ್ವಾ?"

"ಇಲ್ರಿ ಅತ್ತಿ, ಹಂಗೇನಿಲ್ಲ," ಎಂದೆ.

ಆಮೇಲಿನ ನನ್ನ ಒದ್ದಾಟ ಅಂಗಡಿಗಾಗಿ ಆಗಿರಲಿಲ್ಲ. ಯಂತ್ರ ಕೆಟ್ಟರೆ ಹುಬ್ಬಳ್ಳಿಯಲ್ಲಿ ಇನ್ನೊಂದು ಸಿಕ್ಕೀತು. ಇದು ಹೀಗೇ ಸತ್ತುಬಿದ್ದರೆ ಅತ್ತೆ ಇರುವ ತನಕ ತಮ್ಮ ಕೈಯನ್ನೇ ದೂರಿಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ಮೆಮೊರಿ ಕಿತ್ತು, ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿದೆ. ಒಂದೊಂದು ವೈರನ್ನೂ ಬಿಚ್ಚಿ ಹಾಕಿದೆ. ಬೋರ್ಡನ್ನು ಹೊರತೆಗೆದು ರಟ್ಟಿನ ಮೇಲಿಟ್ಟು ನೋಡಿದೆ. ಗೆಳತಿಯ ಹಳೆಯ ಕಂಪ್ಯೂಟರಿನ ಪವರ್ ಪೆಟ್ಟಿಗೆ ತಂದು ಹಚ್ಚಿದೆ. ಏನು ಮಾಡಿದರೂ ಅಷ್ಟೇ. ಅತ್ತೆ ಹೊಸ್ತಿಲ ಹತ್ತಿರ ಕೂತೇ ಇದ್ದರು. ಚಹಾ ಮಾಡಿದ್ದೆ, ಕುಡಿಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನಾನು ಸೋತು, ಎಲ್ಲ ಮೊದಲಿನಂತೆ ಜೋಡಿಸಿಟ್ಟು, ನಾಳೆ ಹುಬ್ಬಳ್ಳಿಗೇ ಒಯ್ಯಬೇಕು ಎಂದುಕೊಂಡೆ.

ಆಗ ಬಾಜು ಮನೆಯ ಮೆಹಬೂಬಿ ಬಂದಳು. ಕುಪ್ಪಸ ಹೊಲಿಯುವವಳು, ಅತ್ತೆಗೆ ಹಳೆಯ ಗೆಳತಿ. ನಡೆದದ್ದನ್ನೆಲ್ಲ ಕೇಳಿ, ತಟ್ಟೆಯ ಕಡೆ ನೋಡಿ ನನಗೇ ಬೈದಳು.

"ತುಂಬಿದ ಉಡಿ ಯಾರರ ತಿರುಗಿ ಕಸಗೋತಾರೇನ? ಮದ್ಲ ಅದನ್ನ ಇದ್ದಲ್ಲೆ ಇಡು."

ಮನೆಗೆ ಹೋಗಿ ಹೊಸ ಅರಿವೆಯ ತುಂಡೊಂದನ್ನು ತಂದಳು. ನಾಣ್ಯ ಎಲ್ಲೂ ತಾಗದಂತೆ ಎಲ್ಲವನ್ನೂ ಅದರಲ್ಲಿ ಕಟ್ಟಿ ಅತ್ತೆಯ ಕಡೆ ಚಾಚಿದಳು. ಅತ್ತೆ ಹಿಂದೆ ಸರಿದರು. "ನಾ ಒಲ್ಲೆ. ಅಕೀನ ಇಡಲಿ."

ಒಪ್ಪಿಕೊಂಡು ನಾನೇ ಇಡೋಣ ಎನಿಸಿತು ನನಗೆ. ಅವರು ಇಟ್ಟ ಮೇಲೂ ಶುರುವಾಗದಿದ್ದರೆ ಏನು ಹೇಳಲಿ? ಆದರೆ ಮೆಹಬೂಬಿ ಬಿಡಲಿಲ್ಲ. "ತುಂಬಿದಾಕಿ ನೀ. ನೀನ ಇಡಬೇಕ." ಅತ್ತೆ ಎದ್ದು ಬಂದು ಆ ಗಂಟನ್ನು ಪೆಟ್ಟಿಗೆಯ ತಳದ ಖಾಲಿ ಜಾಗದಲ್ಲಿ ಇಟ್ಟರು. ನಾನು ಒಂದು ವೈರನ್ನೂ ಮುಟ್ಟಲಿಲ್ಲ. ಗುಂಡಿ ಒತ್ತಿದೆ, ಅಷ್ಟೇ.

ಫ್ಯಾನು ಅರ್ಧ ಸುತ್ತು ತಿರುಗಿತು. ನಾನು ಕಣ್ಣು ಮುಚ್ಚಿಕೊಂಡೆ. ಸದ್ದು ನಿಲ್ಲಲಿಲ್ಲ. ಕಣ್ಣು ತೆರೆದಾಗ ಪರದೆ ಬೆಳಗಿತ್ತು. "ಆತಲ್ಲ," ಎಂದು ಮೆಹಬೂಬಿ, ಒಲೆಯ ಮೇಲೆ ಅನ್ನಕ್ಕಿಟ್ಟು ಬಂದದ್ದು ನೆನಪಾಗಿ ಓಡಿದಳು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಆರಿದ ಚಹಾವನ್ನೇ ಕುಡಿದರು.

ಹುಬ್ಬಳ್ಳಿಯ ರಿಪೇರಿಯವರೊಬ್ಬರನ್ನು ಆಮೇಲೆ ಕೇಳಿದೆ. ಎಲ್ಲೋ ಸಡಿಲಿದ್ದದ್ದು ಕೂತಿರಬೇಕು ಎಂದರು. ಇರಬಹುದು. ಮಧ್ಯಾಹ್ನವಿಡೀ ನಾನು ಬಿಚ್ಚಿ ಬಿಚ್ಚಿ ಹಾಕಿದಾಗ ಕೂರದ್ದು, ಏನೂ ಮುಟ್ಟದಿದ್ದಾಗ ಹೇಗೆ ಕೂತಿತು ಎಂದು ಕೇಳಿದ್ದಕ್ಕೆ ಅವರು ನಕ್ಕು ಮುಂದಿನ ಗಿರಾಕಿಯ ಕಡೆ ತಿರುಗಿದರು. ಅದೇ ಯಂತ್ರದಲ್ಲಿ ಇದನ್ನು ಟೈಪ್ ಮಾಡುತ್ತಿದ್ದೇನೆ. ಧೂಳು ತೆಗೆಯಲು ಆಗಾಗ ಬಿಚ್ಚುತ್ತೇನೆ, ಗಂಟನ್ನು ಮುಟ್ಟುವುದಿಲ್ಲ.

ಮರುದಿನದ ಪೂಜೆಗೆ ಬಂದ ಹೆಣ್ಣುಮಕ್ಕಳ ಉಡಿ ತುಂಬುವ ಹೊತ್ತಿಗೆ ಅತ್ತೆ ಎಂದಿನಂತೆ ಅಡುಗೆಮನೆಗೆ ನಡೆದರು. ಈ ಸಲ ನಾನು ಹೋಗಿ ಕರೆತಂದೆ. ಓಣಿಯವರು ಅದನ್ನು ಕಂಡು ನನ್ನನ್ನು ಹೊಗಳಿದರು. ಹೊಗಳಿಕೆ ನನಗೆ ಒಗ್ಗಲಿಲ್ಲ. ಯಂತ್ರದ ಗುಟ್ಟು ನನಗೆ ತಿಳಿದಿಲ್ಲ, ಇನ್ನು ತಿಳಿಯುವುದೂ ಇಲ್ಲವೇನೋ. ಅದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಬೇರೆ. ನನ್ನ ಕೈಯಿಂದ ಹೀಗಾಯಿತೇ ಎಂದು ಅತ್ತೆ ಆವತ್ತು ಕೇಳಿದಾಗ, ಇಲ್ಲ ಎನ್ನುವ ಮೊದಲು ನಾನು ಅವರ ಕೈಯನ್ನು ನೋಡಿದ್ದೆ.