ನಳಿನಾಕ್ಷಿಯ ಹದಿನಾರು ಚುಕ್ಕಿಗಳು

ಕುಲಶೇಖರದ ಸಮೀನಾ ಮೊದಲು ಕಂಡ ಲೋಕವೆಂದರೆ ಕಾಲುಗಳ ಲೋಕ. ಉಮ್ಮ ಝುಬೈದಾ ಜಗಲಿಯಲ್ಲಿ ಕೂತು, ಮೊರದಂಥ ತಡ್ಪೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುವಳು. ಪಕ್ಕದಲ್ಲಿ ಚಾಪೆಯ ಮೇಲೆ ಮಗು. ಅಂಗಳದಲ್ಲಿ ಯಾರ ಹೆಜ್ಜೆ ಕೇಳಿದರೂ ಉಮ್ಮ ತಲೆ ಎತ್ತದೆಯೇ ಹೆಸರು ಹೇಳುವಳು.

"ಹಾಂ, ನಳಿನಾಕ್ಷಿ ಬಂದ್ಲು."

ಆಚೆ ಮನೆಯ ನಳಿನಾಕ್ಷಿ ತನ್ನ ತಡ್ಪೆ ಹಿಡಿದು ಬಂದು ಎದುರು ಕೂರುವಳು. ಎಲೆ ಕತ್ತರಿಸುವ ಸದ್ದು, ಹೊಗೆಸೊಪ್ಪಿನ ಘಾಟು, ಮುಗಿಯದ ಮಾತು. ಅದರೊಳಗೇ ಹುಡುಗಿಗೆ ಜೊಂಪು ಹತ್ತುವುದು. ಕನಸಿನಲ್ಲೂ ಯಾರೋ ಅಂಗಳ ದಾಟುತ್ತಲೇ ಇರುವರು.

ಆ ಹುಡುಗಿ ಈಗ ಫಿಸಿಯೋಥೆರಪಿ ಕಾಲೇಜಿನಲ್ಲಿ ಟೀಚರ್. ಮೈ ಹೇಗೆ ಬಾಗುತ್ತದೆ, ಭಾರ ಯಾವ ಕೀಲಿಗೆ ಬೀಳುತ್ತದೆ, ಹೆಜ್ಜೆ ಎಲ್ಲಿಂದ ಹುಟ್ಟುತ್ತದೆ ಎಂದು ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದಾಳೆ. ಪಿಎಚ್‌ಡಿ ಮಾತ್ರ ಆಗಿರಲಿಲ್ಲ. ಅದಿಲ್ಲದೆ ಪ್ರೊಫೆಸರ್ ಆಗುವ ಹಾಗಿಲ್ಲ. ಅವಳ ನಂತರ ಸೇರಿದ ಇಬ್ಬರು ಆಗಲೇ ಮುಂದೆ ಹೋಗಿಯಾಗಿತ್ತು. ಅವಳು ಆರಿಸಿಕೊಂಡ ವಿಷಯ ಜಗಲಿಯದ್ದೇ: ಹತ್ತಿಪ್ಪತ್ತು ವರ್ಷ ಕೂತು ಬೀಡಿ ಕಟ್ಟಿದವರ ನಡಿಗೆ ಏನಾಗುತ್ತದೆ?

ಲ್ಯಾಬಿನ ಕಿಟಕಿಗಳಿಗೆ ಕಪ್ಪು ಪರದೆ. ಬಂದ ಹೆಂಗಸರಿಗೆ ಮೊಣಕಾಲುದ್ದದ ಚಡ್ಡಿ ಹಾಕಿಸಿ, ಸೊಂಟದಿಂದ ಪಾದದವರೆಗೆ ಹದಿನಾರು ಹೊಳೆಯುವ ಗುಂಡು ಅಂಟಿಸಬೇಕು. "ಈ ಪ್ರಾಯದಲ್ಲಿ ನನಗೆ ಚಡ್ಡಿಯಾ ಮಾರಾಯ್ತಿ!" ಎಂದು ನಳಿನಾಕ್ಷಿ ನಕ್ಕು ನಕ್ಕು ಸುಸ್ತಾಗಿದ್ದಳು. ಗೋಡೆಯ ಕ್ಯಾಮೆರಾಗಳಿಗೆ ಕಾಣುವುದು ಗುಂಡುಗಳು ಮಾತ್ರ. ಕಂಪ್ಯೂಟರಿನಲ್ಲಿ ಮುಖವಿಲ್ಲ, ಪ್ರಾಯವಿಲ್ಲ. ಕತ್ತಲಲ್ಲಿ ಹದಿನಾರು ಚುಕ್ಕಿ ಮೆಲ್ಲನೆ ತೇಲಿಕೊಂಡು ಹೋಗುತ್ತವೆ, ಹೊಳೆಯ ಮೇಲೆ ಮಿಣುಕುಹುಳ ಹೋದ ಹಾಗೆ.

ಎರಡು ವರ್ಷದಲ್ಲಿ ಮೂವತ್ತೆರಡು ಹೆಂಗಸರು ನಡೆದರು. ಯಾರ ನಡಿಗೆಯಲ್ಲೂ ಹೇಳುವಂಥ ದೋಷ ಇಲ್ಲ ಎಂದು ಲೆಕ್ಕ ಬಂತು. ಸಮೀನಾಗೆ ಎಲ್ಲೋ ಮುಳ್ಳು ಚುಚ್ಚಿದಂತಾಯಿತು. ಆದರೆ ಗೈಡ್ ಶಶಿಪ್ರಭಾ ಮೇಡಂ, "ಬಂದದ್ದನ್ನು ಬರಿ. ಸೋಮವಾರ ಸಬ್ಮಿಟ್ ಮಾಡು," ಎಂದರು.

ಭಾನುವಾರ ಮಧ್ಯಾಹ್ನ ನಳಿನಾಕ್ಷಿ ತಾನೇ ಬಂದು ಕೂತಳು. "ನನ್ನ ಪಿಚ್ಚರ್ ತೋರ್ಸು ಮಗಾ."

ಸಮೀನಾ ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿದಳು. ಚುಕ್ಕಿಗಳು ನಡೆದವು.

"ಅಯ್ಯೋ ದೇವರೇ, ಎಂತ ಚಂದ! ಇದು ನಾನಾ?"

ಝುಬೈದಾ ಕನ್ನಡಕ ಏರಿಸಿ ನೋಡಿದಳು. "ನೀನಲ್ಲ."

"ಇವರೇ ಉಮ್ಮ. ಗುಂಡು ಅಂಟಿಸಿದ್ದು ನಾನೇ."

"ನೀನು ಎಂತ ಬೇಕಾದ್ರೂ ಅಂಟಿಸು. ಇವಳ ಬಲಗಾಲು ನೆಲ ಉಜ್ಜಿಕೊಂಡು ಬರ್ತದೆ. ಎಷ್ಟೋ ವರ್ಷದಿಂದ ನೋಡ್ತಾ ಇದ್ದೇನೆ. ಇದು ಯಾವುದೋ ಮದುಮಗಳು."

ನಳಿನಾಕ್ಷಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಸೆರಗು ಸರಿಸಿ ಹೇಳಿದಳು, "ಅದು ನಿನಗೆ ಪರೀಕ್ಷೆ ಅಲ್ವಾ ಮಗಾ? ನಾನು ಕುಂಟಿದ್ರೆ ನಿನ್ನ ಮಾರ್ಕ್ ಕಡಿಮೆ ಆಗುದಿಲ್ವಾ? ಹಲ್ಲು ಕಚ್ಚಿ ಚಂದ ಮಾಡಿ ನಡೆದೆ."

"ನೀವು ಒಬ್ರೇ ಹಾಗೆ ಮಾಡಿದ್ದಾ?"

"ಎಲ್ರೂ. ಝುಬೈದಕ್ಕನ ಮಗಳ ಮರ್ಯಾದೆ ತೆಗೀಬೇಡಿ ಅಂತ ನಮ್ಮ ಜೊತೆ ಬೀಡಿ ಕಟ್ಟುವ ಕುಶಲಾ ಹೇಳಿದ್ಲು. ಬೀಡಿ ಕೊಡ್ಲಿಕ್ಕೆ ಹೋದಾಗ ಕಂಪನಿಯ ಬ್ರಾಂಚಿನ ಅಂಗಳದಲ್ಲಿ ನಡೆದು ಪ್ರಾಕ್ಟೀಸ್ ಕೂಡ ಮಾಡಿದ್ದೇವೆ."

ಸಮೀನಾ ಲ್ಯಾಪ್‌ಟಾಪಿನತ್ತ ತಿರುಗಿದಳು. ಚುಕ್ಕಿಗಳು ಇನ್ನೂ ನಡೆಯುತ್ತಲೇ ಇದ್ದವು. ನೋಡುತ್ತ ನೋಡುತ್ತ ಅವಳಿಗೆ ಆ ಕತ್ತಲಲ್ಲಿ ಮೂವತ್ತೆರಡು ಮಂದಿಯೂ ಕಂಡರು. ನೋವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆನ್ನು ನೇರ ಮಾಡಿ, ಅವಳಿಗಾಗಿ ಸಾಲಾಗಿ ಹೋಗುತ್ತಿದ್ದರು. ನಾಳೆ ಸಬ್ಮಿಟ್ ಮಾಡಿದರೆ ಯಾರಿಗೂ ಗೊತ್ತಾಗದು. ಅವಳು ಪ್ರೊಫೆಸರ್ ಆಗುವಳು. ಇವರ ಕಾಲಿಗೆ ಏನೂ ಆಗಿಲ್ಲ ಎಂಬ ಮಾತು ಪುಸ್ತಕದಲ್ಲಿ ಶಾಶ್ವತವಾಗಿ ಉಳಿಯುವುದು.

ಸೋಮವಾರ ಮೇಡಂ ಎಲ್ಲ ಕೇಳಿ ಗೋಡೆಯ ಕ್ಯಾಲೆಂಡರ್ ನೋಡಿದರು. "ಪುನಃ ಅಳೆಯುದಾದ್ರೆ ಒಂದು ವರ್ಷ ಹೋಗ್ತದೆ. ಈ ಸಲದ ಪ್ರೊಫೆಸರ್ ಪೋಸ್ಟೂ ಹೋಗ್ತದೆ. ಗೊತ್ತುಂಟಲ್ಲ?"

"ಗೊತ್ತುಂಟು ಮೇಡಂ."

ಪೋಸ್ಟ್ ಹೋಯಿತು. ಸಮೀನಾ ಮನೆಮನೆಗೆ ಹೋಗಿ ಕೂತು ತಿಳಿಸಿ ಹೇಳಿದಳು: ನನಗೆ ಮಾರ್ಕ್ ಇಲ್ಲ, ಅಳೆಯುವುದು ನಿಮ್ಮ ನೋವನ್ನು, ಚಂದ ನಡೆದರೆ ನನಗೆ ಏನೂ ಸಿಗುವುದಿಲ್ಲ. ಕುಶಲಾ ಮೂಗು ಮುರಿದಳು, "ಅದನ್ನು ಮೊದಲೇ ಹೇಳ್ಬಾರ್ದಿತ್ತಾ? ಸುಮ್ಮನೆ ನಮ್ಮ ಸೊಂಟ ಹೋಯ್ತು."

ಎರಡನೆಯ ಸಲ ನಳಿನಾಕ್ಷಿ ಲ್ಯಾಬಿಗೆ ಬಂದ ದಿನ, ಜೊತೆಗೆ ಉಮ್ಮನೂ ಬರಲಿ ಎಂದು ಹಟ ಹಿಡಿದಳು. ಬೀಡಿಯ ಚೀಲ ಸೊಂಟಕ್ಕೆ ಇಟ್ಟುಕೊಂಡೇ ನಡೆಯುತ್ತೇನೆ, ಅದಿಲ್ಲದಿದ್ದರೆ ಕೈ ಬಿಕೋ ಅನ್ನುತ್ತದೆ ಎಂದಳು. ಸಮೀನಾ ಚೀಲವಿಲ್ಲದೆ ಒಮ್ಮೆ, ಚೀಲದೊಡನೆ ಒಮ್ಮೆ ನಡೆಯಲು ಹೇಳಿದಳು.

ಪರದೆ ಎಳೆದರು. ಝುಬೈದಾ ಕಂಪ್ಯೂಟರಿನ ಮುಂದೆ, ಕೈ ಮಡಿಲಲ್ಲಿಟ್ಟು, ಹಳೆಯ ಜಗಲಿಯಲ್ಲಿ ಕೂತ ಹಾಗೆಯೇ ಕೂತಿದ್ದಳು. ಕಪ್ಪಿನ ಅಂಚಿನಲ್ಲಿ ಒಂದು ಚುಕ್ಕಿ ಮೂಡಿತು, ಮತ್ತೊಂದು, ಮತ್ತೆ ಎಲ್ಲವೂ. ಎಡಕ್ಕೆ ವಾಲಿ, ಬಲಗಾಲಿನ ಚುಕ್ಕಿಯನ್ನು ನೆಲಕ್ಕೆ ತಾಗಿಸಿಕೊಂಡು ಎಳೆಯುತ್ತ, ನಿಂತು, ಉಸಿರು ತೆಗೆದುಕೊಂಡು, ಮತ್ತೆ ಹೊರಟವು.

"ಹಾಂ," ಎಂದಳು ಝುಬೈದಾ. "ನಳಿನಾಕ್ಷಿ ಬಂದ್ಲು."